ಕರೆಂಟು ಹೋದರೂ ಬಾರದ ಗೊರಕೆ

2022ರ ಮಳೆಗಾಲ. ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಮೂರನ್ನೂ ದಿನಾ ಸುತ್ತಿ ಬರುವ ಒಂದು ಖಾಸಗಿ ಬಸ್ಸಿನಲ್ಲಿ ನಾನು ಕಂಡಕ್ಟರ್ ಆಗಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಕ್ಲೀನರ್ ಆಗಿ ಬಸ್ಸಿನ ಹಿಂದಿನ ಏಣಿ ಹಿಡಿದವನು ನಾನು. ಕೆಲಸ ಬಿಟ್ಟು ಇಳಿಯುವಾಗ ತಲೆ ಪೂರ್ತಿ ಬೆಳ್ಳಗಾಗಿತ್ತು. ಟಿಕೆಟಿನ ಮೇಲೆ ಅಂಕಿ ಗೀಚಿದ್ದು ಬಿಟ್ಟರೆ ಬರೆದು ಅಭ್ಯಾಸವಿಲ್ಲ. ಆದರೂ ಕೂತಿದ್ದೇನೆ. ಯಾಕೆಂದರೆ ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಐದು ತಿಂಗಳ ಮೊಮ್ಮಗಳು ನನ್ನ ಪಕ್ಕದ ಚಾಪೆಯ ಮೇಲೆ ಮಲಗಿದ್ದಾಳೆ, ಮತ್ತು ಈ ಕೂಸು ಮಲಗಿದಾಗೆಲ್ಲ ನನಗೆ ವಾಸಣ್ಣನ ನೆನಪಾಗುತ್ತದೆ. ಇಷ್ಟು ಸಂತೋಷ ಈ ವಯಸ್ಸಿನಲ್ಲಿ ನನಗೆ ಬರುತ್ತದೆಂದು ಅಂದುಕೊಂಡಿರಲಿಲ್ಲ. ಹಂಚಿಕೊಳ್ಳಬೇಕಾದ ಮನುಷ್ಯ ಇಲ್ಲ. ಹಾಗಾಗಿ ಅವನ ಕಥೆಯನ್ನೇ ಬರೆಯುತ್ತೇನೆ.

ವಾಸಣ್ಣ ಎಂದರೆ ವಾಸುದೇವ, ನಮ್ಮ ಬಸ್ಸಿನ ಡ್ರೈವರ್. ಊರು ಅಡ್ಡಗದ್ದೆ. ದಪ್ಪ ಆಳು, ಕುತ್ತಿಗೆ ಇತ್ತೋ ಇಲ್ಲವೋ ಎಂಬಂತೆ. ಒಂದೇ ಬಸ್ಸಿನಲ್ಲಿ ಅಷ್ಟು ವರ್ಷ ದುಡಿದ ಮೇಲೆ ಡ್ರೈವರ್ ಕಂಡಕ್ಟರ್ ಅಂದರೆ ಗಂಡ ಹೆಂಡತಿಗಿಂತ ಹೆಚ್ಚು. ಅವನಿಗೆ ಸಿಟ್ಟು ಬಂದಿದೆಯೋ ಹಸಿವಾಗಿದೆಯೋ ಎಂಬುದು ಹಾರನ್ ಒತ್ತುವ ರೀತಿಯಲ್ಲೇ ನನಗೆ ತಿಳಿಯುತ್ತಿತ್ತು.

ನಮ್ಮದು ಹಾಲ್ಟ್ ಬಸ್ಸು. ಹಾಗೆಂದರೆ ರಾತ್ರಿಯ ಕೊನೆಯ ಟ್ರಿಪ್ ಮುಗಿಸಿ ಹಳ್ಳಿಯಲ್ಲೇ ಉಳಿದು, ಬೆಳಿಗ್ಗೆ ಅಲ್ಲಿಂದಲೇ ಮೊದಲ ಟ್ರಿಪ್ ಹೊರಡುವ ಬಸ್ಸು. ನಾರ್ವೆಯ ಆಚೆ, ಡಾಂಬರು ಮುಗಿಯುವಲ್ಲಿ ಒಂದು ತಿರುವಿದೆ. ಅದೇ ನಮ್ಮ ಹಾಲ್ಟು. ಅಲ್ಲಿ ಜಲಜಕ್ಕನ ಹೋಟೆಲು, ಹಾಲಿನ ಸೊಸೈಟಿ, ಸುತ್ತ ಹತ್ತಾರು ಮನೆ. ನಾವಿಬ್ಬರೂ ಜಲಜಕ್ಕನಲ್ಲಿ ಉಂಡು ಬಸ್ಸಿನಲ್ಲೇ ಮಲಗುತ್ತಿದ್ದೆವು. ಮಧ್ಯಾಹ್ನವೂ ಒಮ್ಮೆ ಬಸ್ಸು ಅಲ್ಲಿಗೆ ಬಂದು ಎರಡು ಗಂಟೆ ನಿಲ್ಲುತ್ತಿತ್ತು. ಆಗಲೂ ವಾಸಣ್ಣ ಹಿಂದಿನ ಉದ್ದ ಸೀಟಿನ ಮೇಲೆ ಒರಗಿ ಒಂದು ನಿದ್ದೆ ತೆಗೆಯುತ್ತಿದ್ದ.

ಅವನ ಗೊರಕೆಗೆ ಆ ಊರಿನಲ್ಲಿ ಒಂದು ಉಪಯೋಗವಿತ್ತು. ರಾತ್ರಿ ಮಳೆಯಲ್ಲಿ ಬಸ್ಸು ಬಂತೋ ಇಲ್ಲವೋ ಎಂದು ಯಾರೂ ಬಾಗಿಲು ತೆಗೆದು ನೋಡುತ್ತಿರಲಿಲ್ಲ. ಗೊರಕೆ ಕೇಳಿದರೆ ಬಸ್ಸು ಬಂದಿದೆ, ಬೆಳಿಗ್ಗೆ ಕೊಪ್ಪಕ್ಕೆ ಹೋಗಬಹುದು. ಕೇಳದಿದ್ದರೆ ದಾರಿಯಲ್ಲಿ ಮರ ಬಿದ್ದಿದೆ. ಹೀಗೆಂದು ಜಲಜಕ್ಕ ಹೊಸಬರಿಗೂ ಹೇಳಿಕೊಡುತ್ತಿದ್ದಳು.

ಆ ಗೊರಕೆ ಕಾಯಿಲೆ ಎಂದು ನಮಗೆ ಗೊತ್ತಾದದ್ದು ಚರಂಡಿಯಲ್ಲಿ. ಎನ್.ಆರ್.ಪುರದಿಂದ ಕೊಪ್ಪಕ್ಕೆ ವಾಪಸು ಬರುವಾಗ, ಹಾಡುಹಗಲಲ್ಲೇ, ಬಸ್ಸು ಮೆಲ್ಲಗೆ ಎಡಕ್ಕೆ ವಾಲಿ ಮುಂದಿನ ಚಕ್ರ ಚರಂಡಿಗೆ ಇಳಿಯಿತು. ವೇಗ ಇರಲಿಲ್ಲ, ಯಾರಿಗೂ ಪೆಟ್ಟಾಗಲಿಲ್ಲ. ನಾನು ಮುಂದೆ ಓಡಿದಾಗ ವಾಸಣ್ಣ ಸ್ಟೇರಿಂಗ್ ಹಿಡಿದುಕೊಂಡೇ ಕಣ್ಣು ಬಿಡುತ್ತಿದ್ದ. ಕುಡಿಯುವ ಅಭ್ಯಾಸ ಅವನಿಗಿರಲಿಲ್ಲ. ಬಸ್ಸಿನ ಮಾಲೀಕರು ಒಳ್ಳೆಯ ಮನುಷ್ಯರು, ಬೈಯಲಿಲ್ಲ. "ವಾಸಣ್ಣ, ಡಾಕ್ಟರಿಗೆ ತೋರಿಸಿ. ಸರಿ ಅಂತ ಅವ್ರು ಹೇಳಿದ್ರೆ ಸೀಟು ನಿಮ್ದೇ. ಇಲ್ಲಾಂದ್ರೆ ಜನರ ಜೀವ ನಾನು ನಿಮ್ಮ ಕೈಲಿ ಕೊಡೂಕಾಗೂದಿಲ್ಲ" ಎಂದರು.

ಶಿವಮೊಗ್ಗದ ದೊಡ್ಡ ಆಸ್ಪತ್ರೆಯಲ್ಲಿ ಅವನನ್ನು ಒಂದು ರಾತ್ರಿ ಮಲಗಿಸಿ, ತಲೆಗೆ, ಎದೆಗೆ, ಬೆರಳಿಗೆ ವೈರು ಅಂಟಿಸಿ ಪರೀಕ್ಷೆ ಮಾಡಿದರು. ಅದಕ್ಕೆ ಸ್ಲೀಪ್ ಸ್ಟಡಿ ಎನ್ನುತ್ತಾರೆ. ಬಂದ ಹೆಸರು ಸ್ಲೀಪ್ ಅಪ್ನಿಯಾ. ನಿದ್ದೆಯಲ್ಲಿ ಗಂಟಲು ಸಡಿಲವಾಗಿ ಉಸಿರಿನ ದಾರಿ ಮುಚ್ಚುತ್ತದೆ, ಉಸಿರು ನಿಲ್ಲುತ್ತದೆ, ಮೈ ಗಾಬರಿಯಾಗಿ ಎಬ್ಬಿಸುತ್ತದೆ, ಮತ್ತೆ ನಿದ್ದೆ, ಮತ್ತೆ ತಡೆ. ರಾತ್ರಿಯಿಡೀ ಹೀಗಾದರೆ ಹಗಲು ಸ್ಟೇರಿಂಗ್ ಮೇಲೆ ನಿದ್ದೆ ಬಾರದೆ ಇನ್ನೇನು. ಅದಕ್ಕೆ ಸಿಪ್ಯಾಪ್ ಎಂಬ ಯಂತ್ರ ಕೊಟ್ಟರು. ಟಿಫಿನ್ ಕ್ಯಾರಿಯರಿನಷ್ಟು ದೊಡ್ಡದು. ಅದರಿಂದ ಒಂದು ಕೊಳವೆ, ಕೊಳವೆಯ ತುದಿಗೆ ಮೂಗಿನ ಮೇಲೆ ಕೂರುವ ಮಾಸ್ಕು. ಯಂತ್ರ ಗಾಳಿಯನ್ನು ಒತ್ತಡದಲ್ಲಿ ಬಿಡುತ್ತಾ ಗಂಟಲಿನ ದಾರಿ ಮುಚ್ಚದಂತೆ ಹಿಡಿದಿಡುತ್ತದೆ. ಅಷ್ಟೇ ಅದರ ಕೆಲಸ.

ಬಸ್ಸಿನಲ್ಲಿ ಆ ಯಂತ್ರಕ್ಕೆ ಕರೆಂಟು ಎಲ್ಲಿಂದ? ಜಲಜಕ್ಕ ಹೋಟೆಲಿನ ಪ್ಲಗ್ಗಿನಿಂದ ವೈರು ಎಳೆಸಿ, ಬಸ್ಸಿನ ಕಿಟಕಿಯೊಳಗೆ ತೂರಿಸಿಕೊಟ್ಟಳು. ಮೊದಲ ದಿನ ಮಾಸ್ಕು ಕಟ್ಟಿಕೊಂಡ ವಾಸಣ್ಣನನ್ನು ನೋಡಿ, "ಆನೆ ಮರಿ ಹಾಂಗೆ ಕಾಣ್ತದೆ" ಎಂದಳು.

"ನೀನು ಬಾಳೆಹಣ್ಣು ಕೊಟ್ರೆ ಸೊಂಡಿಲಲ್ಲೇ ತಗೊಳ್ತೀನಿ ಮಾರಾಯ್ತಿ" ಎಂದ ಮಾಸ್ಕಿನೊಳಗಿಂದ ವಾಸಣ್ಣ.

ಅವತ್ತು ಗೊರಕೆ ನಿಂತಿತು. ಪೂರ್ತಿ ನಿಂತಿತು. ಬೆಳಿಗ್ಗೆ ಎದ್ದವನು ಯಂತ್ರದ ಸಣ್ಣ ಪರದೆ ನನಗೆ ತೋರಿಸಿದ. ಮಾಸ್ಕು ಸರಿಯಾಗಿ ಕೂತಿದ್ದರೆ ಅದರಲ್ಲಿ ಹಸಿರು ಬಣ್ಣದ ನಗುವ ಮುಖ ಬರುತ್ತದೆ. "ನೋಡ ಗಿರಿಯಪ್ಪ, ಮಿಷನ್ನೇ ನಗ್ತಾ ಅದೆ." ಮೊದಲ ತಿಂಗಳು ಅವನು ಮದುಮಗನಂತಿದ್ದ. ಶೃಂಗೇರಿ ಸ್ಟ್ಯಾಂಡಿನಲ್ಲಿ ಯಾತ್ರಿಕರ ಗಂಟು ತಾನೇ ಇಳಿಸಿಕೊಡುವಷ್ಟು ಉಮೇದು. ಡಾಕ್ಟರು ಸರಿ ಎಂದರು, ಮಾಲೀಕರು ಸೀಟು ಕೊಟ್ಟರು. ನನಗಂತೂ ಎಷ್ಟು ಖುಷಿಯಾಯಿತೆಂದರೆ, ಕೊಪ್ಪದಿಂದ ಹತ್ತಿದವರಿಗೆಲ್ಲ ಟಿಕೆಟಿನ ಜೊತೆ ವಾಸಣ್ಣನ ಯಂತ್ರದ ಕಥೆಯನ್ನೂ ಕೊಡುತ್ತಿದ್ದೆ.

ಊರಿನವರಿಗೆ ಮಾತ್ರ ತೊಂದರೆಯಾಯಿತು. ಬಸ್ಸು ಬಂದದ್ದು ಗೊತ್ತಾಗುವುದಿಲ್ಲವೆಂದು ದೂರು. ಆದರೆ ಮಲೆನಾಡಿನಲ್ಲಿ ಮಳೆಗಾಲದ ಕರೆಂಟು ಯಾರ ಮಾತು ಕೇಳುತ್ತದೆ? ಅದು ಹೋದ ಕೂಡಲೇ ಯಂತ್ರ ನಿಲ್ಲುತ್ತಿತ್ತು, ವಾಸಣ್ಣ ನಿದ್ದೆಯಲ್ಲೇ ಮಾಸ್ಕು ಕಿತ್ತು ಬಿಸಾಡುತ್ತಿದ್ದ, ಒಂದೆರಡು ನಿಮಿಷದಲ್ಲಿ ಹಳೆಯ ಗೊರಕೆ ಬಸ್ಸಿನ ತಗಡು ನಡುಗಿಸುತ್ತಿತ್ತು. ಹಾಗಾಗಿ ಗೊರಕೆಗೆ ಹೊಸ ಅರ್ಥ ಬಂತು. ಹೋಟೆಲಿನಲ್ಲಿ ದಿನಾ ಇಸ್ಪೀಟು ಆಡುವ ಶೇಷೇಗೌಡರು ಬಲ್ಬು ನೋಡದೆಯೇ ಹೇಳುವರು: "ಹೋತು ಕರೆಂಟು. ವಾಸಣ್ಣ ಸ್ಟಾರ್ಟ್ ಆದ."

ಇಲ್ಲಿ ಬಸ್ಸಿನವರ ಒಂದು ಸ್ವಭಾವ ಹೇಳಬೇಕು. ನಮಗೆ ಕಿವಿಯೇ ಕಣ್ಣು. ಗೇರ್ ಬಾಕ್ಸು, ಬ್ರೇಕು, ಸ್ಪ್ರಿಂಗ್ ಪಟ್ಟಿ, ಯಾವುದು ಕೆಟ್ಟರೂ ಮೊದಲು ಸದ್ದು. ಸದ್ದು ನಿಂತರೆ ರಿಪೇರಿ ಆಯಿತೆಂದು ಅರ್ಥ. ಒಮ್ಮೆ ಶೃಂಗೇರಿಯಿಂದ ಬರುವಾಗ ಬಸ್ಸಿನ ಅಡಿಯಲ್ಲಿ ಟಕಟಕ ಎನ್ನುತ್ತಿತ್ತು. ಒಂದು ಗುಂಡಿ ಹಾರಿದ ಮೇಲೆ ನಿಂತಿತು. "ತಾನೇ ಸರಿಯಾಯ್ತು ಮಾರಾಯ, ದೇವ್ರು ದೊಡ್ಡವ" ಎಂದ ವಾಸಣ್ಣ. ಕೊಪ್ಪಕ್ಕೆ ಬಂದು ನೋಡಿದರೆ ಸೈಲೆನ್ಸರ್ ಹಿಡಿದಿದ್ದ ಕಬ್ಬಿಣವೇ ಇಲ್ಲ. ಹಿಂದೆ ರಸ್ತೆಯಲ್ಲಿ ಎಲ್ಲೋ ಬಿದ್ದಿತ್ತು. ಅದನ್ನು ಎಷ್ಟು ಸಲ ಹೇಳಿಕೊಂಡು ನಕ್ಕಿದ್ದೇವೋ ಲೆಕ್ಕವಿಲ್ಲ.

ಮಳೆ ಕಳೆದು ಚಳಿ ಬಂದಾಗ ವಾಸಣ್ಣ ಮತ್ತೆ ತೂಕಡಿಸತೊಡಗಿದ. ಬೆಳಿಗ್ಗೆ ಏಳುವಾಗ ತಲೆನೋವು. ಅಂಗಾತ ಮಲಗಿದರೆ ಏನೋ ಎದೆಯ ಮೇಲೆ ಕೂತಂತೆ ಎಂದು ಎರಡು ಸೀಟಿನ ಕುಷನ್ ಒಂದರ ಮೇಲೊಂದು ಹಾಕಿ ಒರಗುತ್ತಿದ್ದ. ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ನನಗೆ ಕೊಡುತ್ತಿದ್ದ. "ಎಂತಕ್ಕೆ, ಕೈ ಸೋತ್ಹೋಯ್ತಾ?" ಎಂದರೆ, "ನೀನು ಸುಮ್ನೆ ಸೀಟಿ ಊದಿ ಸಂಬ್ಳ ತಗೊಳ್ತೀಯಲ್ಲ, ಅದಕ್ಕೊಂದು ಕೆಲ್ಸ ಕೊಟ್ಟೆ" ಎನ್ನುವನು. ತಲೆನೋವಿಗೆ ಚಳಿ, ಎದೆಭಾರಕ್ಕೆ ಗ್ಯಾಸು, ನಿದ್ದೆಗೆ ವಯಸ್ಸು, ಹೀಗೆ ನಮ್ಮಲ್ಲಿ ಎಲ್ಲದಕ್ಕೂ ಕಾರಣ ಸಿದ್ಧವಿತ್ತು. ಅವನ ಹೆಂಡತಿ ಸುಶೀಲಕ್ಕ ದೃಷ್ಟಿ ತೆಗೆದಳು. ಮುಖ್ಯವಾದ ಮಾತೆಂದರೆ ಗೊರಕೆ ಇರಲಿಲ್ಲ. ಗೊರಕೆ ಇಲ್ಲವೆಂದರೆ ಕಾಯಿಲೆ ಇಲ್ಲ. ಮಿಷನ್ನು ದಿನಾ ನಗುತ್ತಿತ್ತು.

ಪರೀಕ್ಷೆಗೆ ಹೋದಾಗ ನಾನೂ ಜೊತೆಗಿದ್ದೆ. ಡಾಕ್ಟರು ಹೇಗಿದ್ದೀರಿ ಎಂದು ಕೇಳಿದರೆ ವಾಸಣ್ಣ ಎದೆ ಮುಂದೆ ಮಾಡಿ ಕೂತು, "ಭಾರೀ ಆರಾಮ ಸಾರ್" ಎಂದ. ತಲೆನೋವಿನ ಸುದ್ದಿಯಿಲ್ಲ, ಕುಷನ್ನಿನ ಸುದ್ದಿಯಿಲ್ಲ. ಹೊರಗೆ ಬಂದ ಮೇಲೆ, "ಹೇಳ್ಬೇಕಿತ್ತಲ್ಲ ಮಾರಾಯ" ಎಂದೆ.

"ಹೇಳಿದ್ರೆ ಇಳಿಸ್ತಾರೆ. ಬಸ್ಸಿಂದ ಇಳಿದ್ರೆ ನಾನು ಎಲ್ಲಿಗೆ ಹೋಗ್ಲಿ? ನಂಗೆ ಬೇರೆ ಎಂತ ಬರ್ತದೆ ಹೇಳು."

ಅಂದಿನಿಂದ ನಾನು ಎಂಜಿನ್ನಿನ ಮುಚ್ಚಳದ ಮೇಲೆ ಕೂತು ಅವನನ್ನು ಮಾತಾಡಿಸುತ್ತಲೇ ಇರುತ್ತಿದ್ದೆ. ರಸ್ತೆಯ ಮೇಲೆ ಅವನ ಕಣ್ಣು, ಅವನ ಮೇಲೆ ನನ್ನ ಕಣ್ಣು. ಮಾಲೀಕರಿಗೆ ತಿಳಿಸಬೇಕೆಂದು ಎರಡು ಮೂರು ಸಲ ಅಂದುಕೊಂಡಿದ್ದೆ. ಅಷ್ಟರಲ್ಲಿ ಆ ಮಧ್ಯಾಹ್ನ ಬಂತು.

2023ರ ಮೇ ತಿಂಗಳು. ಮೊದಲ ಮಳೆ, ಗುಡುಗು ಜೋರು. ವಾಸಣ್ಣ ಊಟ ಅರ್ಧಕ್ಕೆ ಬಿಟ್ಟು ಎದ್ದು ಹೋಗಿ, ಮಾಸ್ಕು ಕಟ್ಟಿಕೊಂಡು ಮಲಗಿದ. ನಾನು ಹೋಟೆಲಿನಲ್ಲೇ ಕೂತಿದ್ದೆ. ಒಂದು ಸಿಡಿಲಿಗೆ ಬಲ್ಬು ಆರಿತು. ಶೇಷೇಗೌಡರು ಇಸ್ಪೀಟಿನ ಎಲೆ ಕೆಳಗಿಟ್ಟು ಬೆರಳೆತ್ತಿದರು. "ಈಗ ಸ್ಟಾರ್ಟ್ ಆಗ್ತಾನೆ, ಕೇಳಿ."

ಎಲ್ಲರೂ ನಗುವಿಗೆ ತಯಾರಾಗಿ ಕಾದೆವು. ಮಳೆಯ ಸದ್ದು ಬಿಟ್ಟರೆ ಏನೂ ಇಲ್ಲ.

"ಎಚ್ಚರ ಆಗಿರ್ಬೇಕು" ಎಂದಳು ಜಲಜಕ್ಕ.

"ಊಟ ಮಾಡಿ ಮಲಗಿದವ ಗುಡುಗಿಗೆ ಎಚ್ಚರ ಆಗ್ತಾನಾ? ಅವನ ಗುಡುಗೇ ದೊಡ್ಡದು" ಎಂದರು ಗೌಡರು. ಒಂದಿಬ್ಬರು ನಕ್ಕರು. ಇನ್ನೂ ಸ್ವಲ್ಪ ಹೊತ್ತು ಕಾದೆವು. ಗೊರಕೆ ಬರಲಿಲ್ಲ. ಅಷ್ಟು ವರ್ಷ ಕಿವಿಯಿಂದಲೇ ಬದುಕಿದವನಿಗೆ ಆ ಮೌನ ಸರಿ ಕಾಣಲಿಲ್ಲ. ನನಗೆ ನೆನಪಾದದ್ದು ಸೈಲೆನ್ಸರಿನ ಕಬ್ಬಿಣ. ನಾನು ಎದ್ದು ಮಳೆಯಲ್ಲೇ ಓಡಿದೆ.

ಯಂತ್ರ ನಿಂತಿತ್ತು. ಮಾಸ್ಕು ಮೂಗಿನ ಮೇಲೆಯೇ ಇತ್ತು, ಅದನ್ನು ಕಿತ್ತೆಸೆಯುವಷ್ಟು ಕೈ ಏಳಲಿಲ್ಲವೆಂದು ಕಾಣುತ್ತದೆ. ಮಾಸ್ಕು ತೆಗೆದು ಎದೆ ನೋಡಿದೆ. ಏಳುತ್ತಿರಲಿಲ್ಲ ಎಂದಲ್ಲ, ಏಳುತ್ತಿತ್ತು, ಕೆರೆಯ ನೀರು ಗಾಳಿಗೆ ಅಲುಗಿದಷ್ಟು. ಉಸಿರು ಎಳೆಯುವಾಗ ಉಬ್ಬಬೇಕಾದ ಹೊಟ್ಟೆ ಒಳಗೆ ಹೋಗುತ್ತಿತ್ತು. ಉಗುರು ನೇರಳೆ ಬಣ್ಣ. ಗೊರಕೆ ಹೊಡೆಯುವುದಕ್ಕೂ ಉಸಿರಿನಲ್ಲಿ ಬಲ ಬೇಕು ಎಂಬುದು ಅವತ್ತು ತಿಳಿಯಿತು. ಕರೆದರೆ ಕಣ್ಣು ತೆರೆಯಲಿಲ್ಲ. ಕೆನ್ನೆ ತಟ್ಟಿ, ಹಿಡಿದು ಕೂರಿಸಿದ ಮೇಲೆ ಸ್ವಲ್ಪ ತೆರೆದ. "ರೈಟ್ ಹೇಳು, ಟೈಮಾಯ್ತು" ಎಂದು ತೊದಲಿದ. ಅವನು ಕೂತದ್ದು ಹಿಂದಿನ ಸೀಟಿನಲ್ಲಿ.

ಸೊಸೈಟಿಗೆ ಬಂದಿದ್ದ ಜೀಪಿನಲ್ಲಿ ಕೊಪ್ಪಕ್ಕೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ. ಐ.ಸಿ.ಯು.ನಲ್ಲಿ ನಾಲ್ಕು ದಿನ. ಐದನೆಯ ದಿನ ಡಾಕ್ಟರು ಸುಶೀಲಕ್ಕನನ್ನೂ ನನ್ನನ್ನೂ ಕೂರಿಸಿ ಬಿಡಿಸಿ ಹೇಳಿದರು. ವಾಸಣ್ಣನಿಗೆ ಇದ್ದದ್ದು ಎರಡು ಕಾಯಿಲೆ. ಮೊದಲಿನದು ಗಂಟಲಿನ ದಾರಿ ಮುಚ್ಚುವುದು. ಸಿಪ್ಯಾಪ್ ಅದನ್ನು ಚೆನ್ನಾಗಿಯೇ ನೋಡಿಕೊಂಡಿತ್ತು. ಅದರ ಹಿಂದೆ ಮೆಲ್ಲಗೆ ಬಂದದ್ದು ನರದ ಕಾಯಿಲೆ. ಎದೆ ಹೊಟ್ಟೆಗಳ ನಡುವೆ ಉಸಿರೆಳೆಯುವ ಸ್ನಾಯುವಿದೆ, ಅದೇ ಬಲ ಕಳೆದುಕೊಳ್ಳುತ್ತಿತ್ತು. ನಿದ್ದೆಯಲ್ಲಿ ಉಸಿರು ಮೇಲೆಮೇಲೆ ಆಡಿ, ಹೊರಗೆ ಹೋಗಬೇಕಾದ ಕೆಟ್ಟ ಗಾಳಿ, ಎಂದರೆ ಕಾರ್ಬನ್ ಡೈಆಕ್ಸೈಡ್, ರಕ್ತದಲ್ಲೇ ಉಳಿಯುತ್ತಿತ್ತು. ತಲೆನೋವು, ತೂಕಡಿಕೆ ಎಲ್ಲ ಅದರಿಂದಲೇ. ಕೈ ಸೋತದ್ದೂ ಅದೇ ನರದ ಕಾಯಿಲೆಯಿಂದ.

ನನಗೆ ಅರ್ಥವಾಗಲಿಲ್ಲವೆಂದು ಮುಖ ನೋಡಿ ತಿಳಿದ ಡಾಕ್ಟರು ಕೇಳಿದರು, "ನೀವು ಬಸ್ಸಿನವರಲ್ವಾ? ರಸ್ತೆಗೆ ಬಿದ್ದ ಮರ ತೆಗೆದಿದ್ದೀವಿ. ರಸ್ತೆ ಕ್ಲಿಯರ್ ಇದೆ. ಆದರೆ ಬಸ್ಸಿಗೆ ಏರು ಹತ್ತೋ ಶಕ್ತಿ ಇಲ್ಲ."

"ಮೊದ್ಲೇ ಗೊತ್ತಾಗಿದ್ರೆ ವಾಸಿ ಆಗ್ತಿತ್ತಾ ಸಾರ್?" ಎಂದಳು ಸುಶೀಲಕ್ಕ.

"ಇಲ್ಲಮ್ಮ. ಸ್ವಲ್ಪ ಸುಖವಾಗಿ ಉಸಿರಾಡುತ್ತಿದ್ದರು, ಅಷ್ಟೆ. ವಾಸಿ ಆಗುವ ಕಾಯಿಲೆ ಅಲ್ಲ ಇದು."

ಇನ್ನೊಂದು ಯಂತ್ರ ಕೊಟ್ಟರು, ಬೈಪ್ಯಾಪ್. ಇದು ದಾರಿ ತೆರೆದಿಡುವುದಷ್ಟೇ ಅಲ್ಲ, ಉಸಿರೆಳೆಯುವಾಗ ಹೆಚ್ಚು ಒತ್ತಡ ಕೊಟ್ಟು ಗಾಳಿಯನ್ನು ಒಳಗೆ ತಳ್ಳುತ್ತದೆ, ಬಿಡುವಾಗ ಒತ್ತಡ ಇಳಿಸುತ್ತದೆ. ವಾಸಣ್ಣನಿಗೆ ಪ್ರಜ್ಞೆ ಪೂರ್ತಿ ಬಂದ ಮೇಲೆ ಅವನು ಡಾಕ್ಟರಿಗೆ ಕೇಳಿದ್ದು ಒಂದೇ ಪ್ರಶ್ನೆ.

"ಗಾಡಿ ಓಡಿಸ್ಬಹುದಾ ಸಾರ್?"

ಡಾಕ್ಟರು ಅವನ ಅಂಗೈಯೊಳಗೆ ತಮ್ಮ ಎರಡು ಬೆರಳಿಟ್ಟು, "ಗಟ್ಟಿಯಾಗಿ ಹಿಡೀರಿ" ಎಂದರು. ವಾಸಣ್ಣ ಹಿಡಿದ. ಅವನ ಕುತ್ತಿಗೆಯ ನರ ಉಬ್ಬಿತು. ಡಾಕ್ಟರು ಬೆರಳುಗಳನ್ನು ಸುಮ್ಮನೆ ಹೊರಗೆ ತೆಗೆದುಕೊಂಡರು. ಅವನು ಮತ್ತೆ ಆ ಪ್ರಶ್ನೆ ಕೇಳಲಿಲ್ಲ, ನನ್ನ ಹತ್ತಿರವೂ.

ನಮ್ಮ ಬಸ್ಸಿಗೆ ಬೇರೆ ಡ್ರೈವರ್ ಬಂದ. ಒಳ್ಳೆಯ ಹುಡುಗ, ಬಸ್ಸೂ ಚೆನ್ನಾಗಿ ಓಡಿಸುತ್ತಿದ್ದ. ಅದನ್ನು ವಾಸಣ್ಣನಿಗೆ ಹೇಳಲು ನನಗೆ ಮನಸ್ಸು ಬರುತ್ತಿರಲಿಲ್ಲ, ಸುಳ್ಳು ಹೇಳಲೂ ಆಗುತ್ತಿರಲಿಲ್ಲ. ರಜೆಯ ದಿನ ಅಡ್ಡಗದ್ದೆಗೆ ಹೋಗುತ್ತಿದ್ದೆ. ಮೊದಮೊದಲು ಜಗಲಿಯ ಕುರ್ಚಿಯಲ್ಲಿ ಕೂತು ರಸ್ತೆಯ ಬಸ್ಸುಗಳನ್ನು ಸದ್ದಿನಲ್ಲೇ ಗುರುತಿಸುತ್ತಿದ್ದ. ಆಮೇಲೆ ಕೋಣೆ, ಆಮೇಲೆ ಮಂಚ. ರಾತ್ರಿಗೆಂದು ಕೊಟ್ಟ ಯಂತ್ರ ಹಗಲಿಗೂ ಬೇಕಾಯಿತು. ಕರೆಂಟು ಹೋದರೆ ಎಂದು ಮಾಲೀಕರು ಬಸ್ಸಿನ ಬ್ಯಾಟರಿಗೆ ಇನ್ವರ್ಟರ್ ಜೋಡಿಸಿ ಕಳಿಸಿದ್ದರು. ಬ್ಯಾಟರಿ ನೋಡಿ ವಾಸಣ್ಣ, "ಡ್ರೈವರನ್ನ ಇಳಿಸಿದ್ರು, ಬ್ಯಾಟ್ರಿ ಮಾತ್ರ ಜೊತೆಗೆ ಕಳ್ಸಿದ್ರು" ಎಂದ.

ಆ ಯಂತ್ರ ಹೇಗನಿಸುತ್ತದೆ ಎಂದು ಒಮ್ಮೆ ಕೇಳಿದೆ. ಮಾತಾಡಲು ಅವನಿಗೆ ಪ್ರತಿ ಉಸಿರಿಗೂ ನಿಲ್ಲಬೇಕಿತ್ತು.

"ಸೆಲ್ಫ್ ಹೋದ ಗಾಡೀನ... ಪ್ಯಾಸೆಂಜರ್ ಇಳಿದು ತಳ್ತಾರಲ್ಲ... ಹಾಂಗೆ."

"ತಳ್ಳಿದ್ರೆ ಸ್ಟಾರ್ಟ್ ಆಗ್ತದಲ್ಲ ವಾಸಣ್ಣ."

"ಎಂಜಿನ್ ಇದ್ರೆ... ಆಗ್ತದೆ ಮಾರಾಯ." ಇನ್ನೊಂದು ಉಸಿರೆಳೆದು, "ತಳ್ಳೂವರೆಗೆ... ಹೋಗ್ತೀನಿ" ಎಂದ.

ಮರುವರ್ಷದ ಮಳೆಗಾಲದ ಹೊತ್ತಿಗೆ ತಳ್ಳಿದರೂ ಹೋಗಲಿಲ್ಲ. ಒಂದು ಬೆಳಿಗ್ಗೆ ಸುದ್ದಿ ಬಂದು ನಾನು ಹೋದಾಗ ಯಂತ್ರ ಇನ್ನೂ ಮೂಗಿಗೆ ಗಾಳಿ ತಳ್ಳುತ್ತಿತ್ತು. ಎದೆ ಏಳುತ್ತಿರುವಂತೆ ಕಂಡು ಮನೆಯವರಿಗೆ ಎಷ್ಟೋ ಹೊತ್ತು ತಿಳಿದೇ ಇರಲಿಲ್ಲ. ಡಾಕ್ಟರು ಬಂದು ಹೇಳಿದ ಮೇಲೂ ಯಂತ್ರ ನಿಲ್ಲಿಸುವ ಗುಂಡಿ ಒತ್ತಲು ಸುಶೀಲಕ್ಕನಿಗೆ ಕೈ ಬರಲಿಲ್ಲ. ನಾನೇ ಒತ್ತಿದೆ. ಇದರ ಪರದೆಯ ಮೇಲೂ ಅದೇ ಹಸಿರು ನಗುಮುಖ ಬಂತು.

"ನೋಡಿ ಗಿರಿಯಪ್ಪಣ್ಣ, ಇದು ಈಗ್ಲೂ ನಗ್ತಾ ಅದೆ" ಎಂದಳು ಅವಳು. ನಾನು ಯಂತ್ರವನ್ನು ಗೋಡೆಯ ಕಡೆಗೆ ತಿರುಗಿಸಿದೆ.

ಅದಾದ ಮೇಲೆ ನಾನೂ ಹೆಚ್ಚು ದಿನ ದುಡಿಯಲಿಲ್ಲ. ಹಾಲ್ಟಿನಲ್ಲಿ ಮಲಗಿದರೆ ನಿದ್ದೆ ಹತ್ತುತ್ತಿರಲಿಲ್ಲ. ಕರೆಂಟು ಹೋದಾಗೆಲ್ಲ ಕಿವಿ ತಾನಾಗಿ ಕಾಯುತ್ತಿತ್ತು. ಹೋಟೆಲಿನಲ್ಲಿ ಶೇಷೇಗೌಡರು ಮಾತ್ರ ಆಟ ನಿಲ್ಲಿಸಿ ಬಸ್ಸಿನ ಕಡೆ ಒಮ್ಮೆ ನೋಡಿ, ಮತ್ತೆ ಎಲೆ ಎತ್ತಿಕೊಳ್ಳುತ್ತಿದ್ದರು.

ಈಗ ಈ ಕೂಸು. ನಿದ್ದೆಯಲ್ಲಿ ಇದಕ್ಕೆ ಸದ್ದೇ ಇಲ್ಲ. ಆದರೆ ಹೊಟ್ಟೆ ನೋಡಬೇಕು, ಪ್ರತಿ ಉಸಿರಿಗೂ ಉದ್ದಿನ ಹಪ್ಪಳ ಎಣ್ಣೆಯಲ್ಲಿ ಉಬ್ಬಿದ ಹಾಗೆ ಉಬ್ಬುತ್ತದೆ. ಇಷ್ಟು ಚಿಕ್ಕ ಮೈಯಲ್ಲಿ ಇಷ್ಟು ಉಸಿರನ್ನು ಯಾರು ತುಂಬಿದರೋ. ನನಗೆ ನೋಡಿ ಮುಗಿಯುವುದೇ ಇಲ್ಲ. ಮಗಳು ಬೈಯುತ್ತಾಳೆ, "ಎಂತ ಅಪ್ಪ ಇದು, ಹಗಲಿಡೀ ಅದ್ರ ಹೊಟ್ಟೆ ಮೇಲೆ ಕೈ ಇಟ್ಕೊಂಡು ಕೂತಿರ್ತೀರಿ? ಅದು ಸುಮ್ನೆ ಮಲ್ಗಿದೆ."

ಸುಮ್ಮನೆ ಮಲಗಿದೆ ಎಂದೇ ಕೈ ಇಡುತ್ತೇನೆ. ಸದ್ದು ನಿಂತರೆ ಸರಿಯಾಯಿತು ಎಂದು ಬಸ್ಸಿನ ಕೆಲಸ ನನಗೆ ಮೊದಲು ಕಲಿಸಿತು. ಸದ್ದು ನಿಂತಾಗ ಇಳಿದು ನೋಡಬೇಕು ಎಂಬುದನ್ನೂ ಅದೇ ಕಲಿಸಿತು, ಆದರೆ ತಡವಾಗಿ. ಇಳಿದು ನೋಡಿದರೂ ಕೆಲವು ಸಲ ಮಾಡುವುದಕ್ಕೆ ಏನೂ ಇರುವುದಿಲ್ಲ ಎಂಬುದನ್ನು ವಾಸಣ್ಣ ಕಲಿಸಿದ. ಈ ಮೂರು ಪಾಠದಲ್ಲಿ ಮಗಳಿಗೆ ಹೇಳಲು ಧೈರ್ಯ ಬರುವುದು ನಡುವಿನದು ಮಾತ್ರ.

ಕೂಸಿನ ಹೊಟ್ಟೆ ನನ್ನ ಅಂಗೈಯನ್ನು ಮೇಲಕ್ಕೆ ಎತ್ತುತ್ತಿದೆ. ಯಾರೂ ತಳ್ಳುತ್ತಿಲ್ಲ.